ಸಾಬೂನಿನ ಶುದ್ಧಿ ಮತ್ತು ಶೌಚಧರ್ಮ

ದಶಲಕ್ಷಣ ಧರ್ಮಗಳಲ್ಲಿ ಶೌಚವೂ ಒಂದು. ಲೋಭವನ್ನು ಕಳೆಯುವುದೇ ಉತ್ತಮ ಶೌಚವೆಂದು ಆಚಾರ್ಯರು ವಿವರಿಸಿದ್ದಾರೆ. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಸೇರಿದೆ. ಉಪವಾಸದ ದಿನ ಶ್ರಾವಕನೂ ಸ್ನಾನ, ಗಂಧ, ಅಲಂಕಾರಗಳನ್ನು ತ್ಯಜಿಸಬೇಕೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ವಿಧಿಸುತ್ತದೆ. ಉಳಿದ ದಿನಗಳಲ್ಲಿ ಗೃಹಸ್ಥನಿಗೆ ಸ್ನಾನವುಂಟು, ಸಾಬೂನೂ ಉಂಟು. ಆ ಸಾಬೂನು ಯಾವುದರಿಂದ ಆಯಿತೆಂಬ ವಿಚಾರವನ್ನು ವ್ರತಿಕನು ಬಿಡಲಾಗದು.

ಈಚಿನ ವರ್ಷಗಳಲ್ಲಿ ಅನೇಕ ಗೃಹಿಣಿಯರು ಮನೆಯಲ್ಲಿಯೇ ಸಾಬೂನು ತಯಾರಿಸಿ ಮಾರುತ್ತಿದ್ದಾರೆ. ಕೊಬ್ಬರಿ ಎಣ್ಣೆ, ಕಾಸ್ಟಿಕ್ ಸೋಡಾ, ನೀರು ಇವಿಷ್ಟರಿಂದಲೇ ಸಾಬೂನಾಗುತ್ತದೆ. ಒಂದು ಕಿಲೋ ಎಣ್ಣೆಗೆ ಸುಮಾರು 180 ಗ್ರಾಂ ಸೋಡಾ ಸಾಕು. ನಾಲ್ಕಾರು ವಾರ ಒಣಗಿದರೆ ಬಳಕೆಗೆ ಬರುತ್ತದೆ. ದೋಷ ಹೊಗುವುದು ಮೆರುಗಿಗೂ ಬಣ್ಣಕ್ಕೂ ಸೇರಿಸುವ ವಸ್ತುಗಳಿಂದ. ಟ್ಯಾಲೋ ಎಂದರೆ ದನ-ಕುರಿಗಳ ಕೊಬ್ಬು. ಕಾರ್ಮೈನ್ ಎಂಬ ಕೆಂಪು ಬಣ್ಣ ಕೀಟಗಳನ್ನು ಕೊಂದು ಪಡೆದದ್ದು. ಗ್ಲಿಸರಿನ್ ಸಸ್ಯದ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಇನ್ನು ಮಧುತ್ಯಾಗವಂತೂ ಅಷ್ಟಮೂಲಗುಣಗಳಲ್ಲಿಯೇ ಸೇರಿದೆ. ಗೂಡಿನಿಂದ ತಾನಾಗಿ ಸುರಿದ ಜೇನನ್ನು ಕೊಂಡರೂ ಹಿಂಸೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರ್ಣಯಿಸಿದ್ದಾರೆ.

“ತಿನ್ನುವುದಿಲ್ಲವಲ್ಲ, ಮೈಗೆ ಹಚ್ಚುವುದಷ್ಟೇ” ಎಂಬ ಸಮಾಧಾನ ಕೇಳಿಬರುವುದುಂಟು. ತ್ಯಾಗದ ಮೂಲ ಜೀವದಯೆ. ಗೂಡು ಬರಿದಾದ ಮೇಲೆ ಜೇನು ಪಾಯಸಕ್ಕೆ ಹೋಯಿತೋ ಸಾಬೂನಿಗೆ ಹೋಯಿತೋ ಎಂಬ ಭೇದ ಜೇನುಹುಳುವಿಗೆಲ್ಲಿಯದು?

ಇದಕ್ಕಿಂತ ಸೂಕ್ಷ್ಮವಾದುದು ಮಾರುವವರ ಮಾತು. ಒಲೆ, ನೀರು, ವ್ಯಾಪಾರಗಳಿಂದಾಗುವ ಆರಂಭೀ, ಉದ್ಯೋಗೀ ಹಿಂಸೆಗಳನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ; ತಿಳಿದುದನ್ನು ಅಡಗಿಸುವುದನ್ನು ಬಿಡಬಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರಗಳನ್ನೂ ಎಣಿಸಿದೆ. ಮೂಲವರಿಯದ ಸಿದ್ಧ ಸಾಬೂನನ್ನು ಪೇಟೆಯಿಂದ ತಂದು ಕರಗಿಸಿ, ಅಚ್ಚಿಗೆ ಹೊಯ್ದು, “ಶುದ್ಧ ಸಸ್ಯಜನ್ಯ” ಎಂಬ ಚೀಟಿ ಅಂಟಿಸಿದರೆ ಅದು ಕೂಟಲೇಖ. ಹಸಿಯಾಗಿದ್ದಾಗಲೇ ತೂಗಿ 100 ಗ್ರಾಂ ಎಂದು ಬರೆದರೆ ಹೀನಮಾನ. ಅಗ್ಗದ ಎಣ್ಣೆ ಹಾಕಿ ಕೊಬ್ಬರಿ ಎಣ್ಣೆಯ ಹೆಸರು ಹೇಳಿದರೆ ಪ್ರತಿರೂಪಕ. 2020ರ ಸೌಂದರ್ಯವರ್ಧಕ ನಿಯಮಗಳಂತೆ ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು. ಮನೆಯ ಕೆಲಸವೆಂದು ಅದನ್ನು ಕಡೆಗಣಿಸಿದರೆ ರಾಜ್ಯದ ಕಟ್ಟಳೆಯನ್ನು ಮೀರಿದಂತೆ.

1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆತ ಸುದ್ದಿಯಿಂದ ದೇಶವೇ ತಲ್ಲಣಿಸಿತು. ಅಂದು ನೊಂದವರು ಅರಿಯದೆ ಕೊಂಡು ಬಳಸಿದವರು. ಕೊಳ್ಳುವವನ ವ್ರತವು ಮಾರುವವನ ಸತ್ಯವನ್ನು ಆಧರಿಸಿ ನಿಂತಿದೆ.

ಒಬ್ಬ ಶ್ರಾವಿಕೆಗೆ ಜೇನಿನ ಸಾಬೂನು ನೂರು ಬಿಲ್ಲೆ ಬೇಕೆಂಬ ಬೇಡಿಕೆ ಬಂದಿತೆನ್ನೋಣ. ತಾನು ಬಳಸದಿದ್ದರೂ ಮಾಡಿಕೊಟ್ಟರೆ ಕೃತದೋಷ. ಬೇರೆಯವರಿಂದ ಮಾಡಿಸಿದರೆ ಕಾರಿತ. ನೊರೆಗೆ ಬೆಲ್ಲವೂ ಒದಗುತ್ತದೆ. ಬೆಲ್ಲ ಹಾಕಿ ಬೆಲ್ಲವೆಂದೇ ಬರೆದು, ಒಪ್ಪಿದವರಿಗೆ ಕೊಡುವುದು ಧರ್ಮಮಾರ್ಗ. ಒಪ್ಪದೆ ಹೋದರೆ ನಷ್ಟ ನಿಜ. ಆ ನಷ್ಟವನ್ನು ಸಹಿಸಿದ ಮನಸ್ಸಿನಲ್ಲಿ ಶೌಚವು ಅಂದು ಮೂಡುತ್ತದೆ. ಧರ್ಮಬಂಧುಗಳು ಕೊಳ್ಳುವಾಗ ಕೇಳಿ ಕೊಳ್ಳಲಿ. ಮಾರುವವರು ಕೇಳುವ ಮುನ್ನವೇ ಹೇಳಲಿ.