ಶಾಲಿನ ಋಣ

2019ರ ಅಕ್ಟೋಬರಿನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಪತ್ರಿಕೆಯ ಆ ಸುದ್ದಿಯನ್ನು ನಾನು ಎರಡು ಸಲ ಓದಿದೆ. ಬಡತನದ ಮೇಲಿನ ಪ್ರಯೋಗಗಳಿಗೆ ಸಂದ ಆ ಪ್ರಶಸ್ತಿಯ ಒಂದು ಬೇರು ನಮ್ಮಂಥದೇ ಶಾಲೆಗಳಲ್ಲಿತ್ತು.

ಮುಂಬಯಿ ಮತ್ತು ವಡೋದರಾದ ಮುನಿಸಿಪಾಲಿಟಿ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ಯರನ್ನು ನೇಮಿಸಿತ್ತು. ಇವರು ಹೆಚ್ಚಾಗಿ ಹೈಸ್ಕೂಲು ಮುಗಿಸಿದ, ಸುತ್ತಮುತ್ತಲಿನ ಓಣಿಗಳ ಹುಡುಗಿಯರೇ. ಮೂರನೆಯ, ನಾಲ್ಕನೆಯ ತರಗತಿಗೆ ಬಂದರೂ ಓದು, ಲೆಕ್ಕ ಬಾರದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಕಲಿಸುವುದು ಅವರ ಕೆಲಸ. ಸಂಬಳ ತಿಂಗಳಿಗೆ 500ರಿಂದ 750 ರೂಪಾಯಿ. ಬ್ಯಾನರ್ಜಿ, ಡಫ್ಲೊ ಮತ್ತು ಸಂಗಡಿಗರು 2001ರಿಂದ 2003ರವರೆಗೆ ಇದನ್ನು ಪರೀಕ್ಷಿಸಿದರು. ಕೆಲವು ಶಾಲೆಗಳಲ್ಲಿ ಮೂರನೆಯ ತರಗತಿಗೆ, ಉಳಿದವುಗಳಲ್ಲಿ ನಾಲ್ಕನೆಯದಕ್ಕೆ ಬಾಲಸಖಿಯರನ್ನು ಕೊಟ್ಟು, ಯಾವ ಶಾಲೆಗೆ ಯಾವುದೆಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಮಕ್ಕಳ ಅಂಕಗಳನ್ನು ಹೋಲಿಸಿದರು. ಹಿಂದುಳಿದ ಮಕ್ಕಳಿಗೇ ಹೆಚ್ಚಿನ ಲಾಭವಾಗಿತ್ತು. 2007ರಲ್ಲಿ ಆ ಪ್ರಬಂಧ ಪ್ರಕಟವಾಯಿತು.

ಪ್ರಶಸ್ತಿ ಎಣಿಸಿದವರಿಗೆ ಬಂತು, ಕಲಿಸಿದವರಿಗೆ ಬರಲಿಲ್ಲ ಎಂದು ನನಗೆ ಮೊದಲು ಸಿಟ್ಟೇ ಬಂದಿತ್ತು. ಅದಕ್ಕೆ ನನ್ನದೇ ಕಾರಣವೂ ಇತ್ತು. ಒಮ್ಮೆ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಎರಡು ವಾರ ಕುಳಿತು ಬರೆದುಕೊಂಡು ಹೋಗಿದ್ದರು. ಅವರ ಪುಸ್ತಕ ಅಚ್ಚಾದದ್ದು ನನಗೆ ಬೇರೆಯವರಿಂದ ತಿಳಿಯಿತು.

ಆದರೆ ಸಿಟ್ಟು ಇಳಿದ ಮೇಲೆ ಯೋಚಿಸಿದರೆ ವಿಷಯ ಅಷ್ಟು ಸರಳವಲ್ಲ. ಯಾರೂ ಎಣಿಸದೆ ಹೋಗಿದ್ದರೆ ಆ ಹುಡುಗಿಯರ ಶ್ರಮ ಅವರ ಓಣಿಯಲ್ಲೇ ಉಳಿಯುತ್ತಿತ್ತು. ಎಣಿಸಿದ್ದರಿಂದಲೇ ಅದು ಬೇರೆ ರಾಜ್ಯಗಳ ಮಕ್ಕಳವರೆಗೂ ಹೋಗಲು ದಾರಿಯಾಯಿತು. ‘ನನ್ನ ಪಾಠ ಚೆನ್ನಾಗಿದೆ’ ಎಂದು ನಾವು ಮೇಷ್ಟರು, ಅಕ್ಕೋರುಗಳೆಲ್ಲ ನಂಬಿರುತ್ತೇವೆ. ನಿಜವೇ ಎಂದು ನೋಡಲು ಹೊರಗಿನವರೊಬ್ಬರು ಬೇಕು. ಕ್ರೆಮರ್ ಅವರಂತೂ ಯೌವನದಲ್ಲಿ ಕೀನ್ಯಾದ ಶಾಲೆಯೊಂದರಲ್ಲಿ ಒಂದು ವರ್ಷ ಪಾಠ ಹೇಳಿದವರು. ಪ್ರಶಸ್ತಿಯ ಹಣವನ್ನೂ ಮೂವರು ಇಟ್ಟುಕೊಳ್ಳಲಿಲ್ಲ, ಸಂಶೋಧನೆಯ ನಿಧಿಗೆ ಕೊಟ್ಟರು. ಆದರೂ ಆ ಹಣ ಸಂಶೋಧನೆಗೇ ಮರಳಿತೇ ಹೊರತು ಬಾಲಸಖಿಯ ಮನೆಗೆ ಹೋಗಲಿಲ್ಲ ಎಂಬ ಮಾತು ಉಳಿದೇ ಉಳಿಯುತ್ತದೆ.

ಈ ಮಾತನ್ನು ಇನ್ನೊಬ್ಬರಿಗೆ ಹೇಳುವ ಹಕ್ಕು ನನಗಿದೆಯೇ ಎಂದು ಕೇಳಿಕೊಂಡಾಗ ನೆನಪಾಗುವುದು ಏಳನೆಯ ತರಗತಿಯ ಒಬ್ಬ ಹುಡುಗಿ. ಆ ವರ್ಷ ನನ್ನ ನಾಲ್ಕನೆಯ ತರಗತಿಯ ಅರ್ಧ ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತಿರಲಿಲ್ಲ. “ಅಕ್ಕೋರ, ದಶಕ ಬಿಡಿಸೋದು ಇವ್ರಿಗೆ ತಿಳದಿಲ್ರಿ, ಹುಣಸಿಬೀಜ ಇಟ್ಟು ತೋರಸ್ಲೇನ್ರಿ?” ಎಂದಳು. ಸಂಜೆ ಶಾಲೆ ಬಿಟ್ಟ ಮೇಲೆ ಜಗಲಿಯ ಮೇಲೆ ಹತ್ತು ಹತ್ತು ಬೀಜಗಳ ಗಂಟು ಕಟ್ಟಿ, ಬಿಚ್ಚಿ, ಒಂದು ತಿಂಗಳಲ್ಲಿ ಕಲಿಸಿಯೇಬಿಟ್ಟಳು. ಮರುವರ್ಷ ಶಿಕ್ಷಕರ ದಿನದಂದು ತಾಲ್ಲೂಕಿನ ಉತ್ತಮ ಶಿಕ್ಷಕಿಯೆಂದು ನನಗೆ ಶಾಲು ಹೊದಿಸಿದರು. ಹುಣಸೆಬೀಜದ ವಿಷಯವನ್ನು ವೇದಿಕೆಯಲ್ಲಿ ವಿಸ್ತಾರವಾಗಿ ಹೇಳಿದೆ. ‘ನಾನು ಕಂಡುಕೊಂಡ ಉಪಾಯ’ ಎಂದೇ ಹೇಳಿದೆ. ಆಕೆ ಅಷ್ಟರಲ್ಲಿ ಶಾಲೆ ಬಿಟ್ಟು ತಾಯಿಯೊಡನೆ ಕೂಲಿಗೆ ಹೋಗುತ್ತಿದ್ದಳು. ನಾನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಶಾಲು ಹೆಗಲ ಮೇಲಿರುವಾಗ ಮಾತು ತಾನಾಗಿಯೇ ಹಾಗೆ ಬರುತ್ತದೆ.

ಆದ್ದರಿಂದ ಪ್ರಶಸ್ತಿ ಪಡೆಯುವುದು ತಪ್ಪೆಂದು ನಾನು ಹೇಳಲಾರೆ. ಪಡೆದ ಮೇಲೆ ಸಾಲವೊಂದು ಶುರುವಾಗುತ್ತದೆ ಎಂದಷ್ಟೇ ಹೇಳಬಲ್ಲೆ. ಯಾರ ತರಗತಿಯಿಂದ ಕಲಿತೆವೋ ಅಲ್ಲಿಗೆ ಮರಳಿ ಹೋಗಿ, “ನಿಮ್ಮಿಂದ ತಿಳಿದದ್ದು ಇದು, ಇದರಿಂದ ನನಗಾದದ್ದು ಇಷ್ಟು” ಎಂದು ಹೇಳುವುದು ಆ ಸಾಲದ ಮೊದಲ ಕಂತು. ದೊಡ್ಡ ವಿದ್ವಾಂಸರಿಗೂ ತಾಲ್ಲೂಕಿನ ಶಿಕ್ಷಕಿಗೂ ಇದರಲ್ಲಿ ಭೇದವಿಲ್ಲ.

ಆ ಹುಡುಗಿಯ ಹೆಸರನ್ನು ಇಲ್ಲಿ ಬರೆದಿಲ್ಲ. ಅವಳನ್ನು ಕೇಳದೆ ಬರೆದರೆ ಅದು ಎರಡನೆಯ ತಪ್ಪಾದೀತು. ಅವಳನ್ನು ಕೊಟ್ಟ ಊರು ಯಾವುದೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಇಷ್ಟು ವರ್ಷ ಹೋಗದೆ ಇದ್ದುದಕ್ಕೆ ದೂರದ ನೆಪ ಹೇಳಲಾರೆ.