ರಾಷ್ಟ್ರಗಳಿಗೆ ಕ್ಷಮಾಧರ್ಮವುಂಟೆ?

ಕೆನ್ನೆಗೆ ಹೊಡೆದವನಿಗೆ ಮತ್ತೊಂದು ಕೆನ್ನೆಯನ್ನೂ ಒಡ್ಡಬೇಕೆಂಬುದು ಕ್ರಿಸ್ತನ ಉಪದೇಶ. ಒಬ್ಬ ಮನುಷ್ಯನು ಇದರಂತೆ ನಡೆದರೆ ಲೋಕವು ಅವನನ್ನು ಸಾಧುವೆಂದು ಕೊಂಡಾಡುತ್ತದೆ. ಆದರೆ ಒಂದು ರಾಷ್ಟ್ರವು ಹೀಗೆ ನಡೆಯಬಹುದೆ? ರಾಜ್ಯಭಾರವನ್ನು ಹೊತ್ತವನು ಒಡ್ಡುವುದು ತನ್ನ ಕೆನ್ನೆಯನ್ನಲ್ಲ, ತನ್ನನ್ನು ನಂಬಿದ ಪ್ರಜೆಗಳ ಕೆನ್ನೆಯನ್ನು. ತನ್ನ ಹಣವನ್ನು ದಾನಮಾಡಿದವನು ಉದಾರಿ. ಪರರು ನಂಬಿ ಇಟ್ಟ ಇಡುಗಂಟನ್ನು ದಾನಮಾಡಿದವನು ದ್ರೋಹಿ. ಆದ್ದರಿಂದ ಕ್ಷಮೆಯು ವ್ಯಕ್ತಿಧರ್ಮವೇ ಹೊರತು ರಾಷ್ಟ್ರಧರ್ಮವಲ್ಲವೆಂದು ಪ್ರಾಜ್ಞರಾದವರೂ ಹೇಳುವುದುಂಟು.

ಈ ಆಕ್ಷೇಪವು ಅಲ್ಪವಾದುದಲ್ಲ. ಆದರೆ ಅದನ್ನು ಪೂರ್ತಿಯಾಗಿ ಒಪ್ಪಿದರೆ, ರಾಷ್ಟ್ರಗಳ ನಡುವೆ ಸ್ವಾರ್ಥ, ಭಯ, ಸೇಡು ಇವುಗಳ ಹೊರತು ಬೇರಾವ ಧರ್ಮವೂ ಇಲ್ಲವೆಂದು ಒಪ್ಪಿದಂತಾಗುತ್ತದೆ. ಬರಿಯ ತರ್ಕದಿಂದ ಈ ತೊಡಕು ಬಿಡುವಂತೆ ತೋರದು. ನಡೆದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಮೇಲು.

1939ನೆಯ ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ಮೇಲೆ ದಂಡೆತ್ತಿ ಹೋಯಿತು. ಮುಂದಿನ ಆರು ವರ್ಷಗಳಲ್ಲಿ ಪೋಲೆಂಡಿನ ಸುಮಾರು 60 ಲಕ್ಷ ಪ್ರಜೆಗಳು ಹತರಾದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಯೆಹೂದ್ಯರು. ವಾರ್ಸಾ ನಗರವು ಹಾಳುದಿಬ್ಬವಾಯಿತು. ಯುದ್ಧವು ಮುಗಿದಮೇಲೆ ಪೋಲೆಂಡಿನ ಎಲ್ಲೆಯು ಪಶ್ಚಿಮಕ್ಕೆ, ಓಡರ್ ಮತ್ತು ನೈಸ್ಸೆ ನದಿಗಳವರೆಗೆ ಸರಿಯಿತು. ಆ ನೆಲದಲ್ಲಿ ತಲೆತಲಾಂತರದಿಂದ ಬಾಳಿದ್ದ ಲಕ್ಷಾಂತರ ಜರ್ಮನರು ಮನೆಮಾರು ತೊರೆದು ಹೋಗಬೇಕಾಯಿತು. ಈ ಹೊಸ ಎಲ್ಲೆಯನ್ನು ಪಶ್ಚಿಮ ಜರ್ಮನಿಯು ಒಪ್ಪಿರಲಿಲ್ಲ.

ಹೀಗಿರಲು, 1965ನೆಯ ನವೆಂಬರ್ 18ರಂದು ಪೋಲೆಂಡಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಜರ್ಮನಿಯ ಧರ್ಮಾಧ್ಯಕ್ಷರಿಗೆ ಒಂದು ಪತ್ರವನ್ನು ಬರೆದರು. ತಮ್ಮ ದೇಶವು ಕ್ರೈಸ್ತಮತವನ್ನು ಸ್ವೀಕರಿಸಿ 1966ಕ್ಕೆ ಸಾವಿರ ವರ್ಷ ತುಂಬುವುದೆಂದೂ, ಆ ಉತ್ಸವಕ್ಕೆ ಬರಬೇಕೆಂದೂ ಆಹ್ವಾನಿಸುವುದು ಅದರ ನಿಮಿತ್ತ. ಪತ್ರವನ್ನು ರಚಿಸಿದವರಲ್ಲಿ ಬೊಲೆಸ್ಲಾವ್ ಕೊಮಿನೆಕರು ಮುಖ್ಯರು. ಎರಡು ಜನಾಂಗಗಳ ಸಾವಿರ ವರ್ಷಗಳ ಸ್ನೇಹವನ್ನೂ ವೈರವನ್ನೂ ಅದು ನಿರೂಪಿಸಿತು. ತಮ್ಮವರ ಗಾಯಗಳನ್ನು ಮುಚ್ಚಿಡಲಿಲ್ಲ. ಹೊಸ ಎಲ್ಲೆಯು ತಮಗೆ ಜೀವಮರಣದ ಪ್ರಶ್ನೆಯೆಂಬುದನ್ನೂ ಮರೆಸಲಿಲ್ಲ. ನೆಲೆ ಕಳೆದುಕೊಂಡ ಜರ್ಮನರ ದುಃಖವನ್ನೂ ನೆನೆಯಿತು. ಕಡೆಗೆ, ತಾವು ಕ್ಷಮಿಸುವೆವೆಂದೂ, ತಮಗೂ ಕ್ಷಮೆ ಬೇಕೆಂದೂ ಹೇಳಿತು.

ಪೋಲೆಂಡಿನ ಕಮ್ಯೂನಿಸ್ಟ್ ಸರ್ಕಾರವು ಕೆರಳಿತು. ರಾಷ್ಟ್ರದ ಪರವಾಗಿ ಮಾತನಾಡಲು ಈ ಪಾದ್ರಿಗಳಿಗೆ ಅಧಿಕಾರವೆಲ್ಲಿಯದೆಂದು ಗದರಿತು. ಸರ್ಕಾರಕ್ಕೆ ಒಲಿಯದ ಸಾಮಾನ್ಯ ಜನರಲ್ಲಿಯೂ ಅನೇಕರು ನೊಂದುಕೊಂಡರು. ಹೊಡೆತ ತಿಂದವರು ನಾವು. ನಾವೇಕೆ ಕ್ಷಮೆ ಬೇಡಬೇಕು? ಡಿಸೆಂಬರ್ 5ರಂದು ಬಂದ ಜರ್ಮನ್ ಧರ್ಮಾಧ್ಯಕ್ಷರ ಉತ್ತರದಲ್ಲಿ ಸೌಜನ್ಯವಿದ್ದಿತು, ಪಶ್ಚಾತ್ತಾಪವಿದ್ದಿತು. ಆದರೆ ಎಲ್ಲೆಯ ವಿಷಯದಲ್ಲಿ ಬಿಚ್ಚುಮಾತಿರಲಿಲ್ಲ. ಪತ್ರವು ವ್ಯರ್ಥವಾಯಿತೆಂದೇ ಆಗ ತೋರಿತು.

ಈಗ ಇಡುಗಂಟಿನ ಆಕ್ಷೇಪಕ್ಕೆ ಮರಳೋಣ. ಈ ಧರ್ಮಾಧ್ಯಕ್ಷರು ಪ್ರಜೆಗಳ ಯಾವ ಸ್ವತ್ತನ್ನು ಬಿಟ್ಟುಕೊಟ್ಟರು? ಒಂದು ಗೇಣು ನೆಲವನ್ನೂ ಅಲ್ಲ. ನಡೆದುದನ್ನು ನಡೆಯಿತೆಂದು ಹೇಳುವ ಹಕ್ಕನ್ನೂ ಅಲ್ಲ. ಅವರು ಬಿಟ್ಟದ್ದು ದ್ವೇಷವನ್ನು ಮಾತ್ರ. ದ್ವೇಷವನ್ನು ಯಾರೂ ಯಾರಲ್ಲಿಯೂ ಇಡುಗಂಟಾಗಿ ಇಟ್ಟಿರುವುದಿಲ್ಲ. ಕ್ಷಮೆಯೆಂದರೆ ನ್ಯಾಯವನ್ನು ತೊರೆಯುವುದೆಂದು ತಿಳಿದಲ್ಲಿಯೇ ನಮ್ಮ ತರ್ಕವು ದಾರಿತಪ್ಪಿದೆ.

ಆದರೆ ಇನ್ನೊಂದು ಆಕ್ಷೇಪವುಂಟು. ಅದಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಸತ್ತವರ ಪರವಾಗಿ ಕ್ಷಮಿಸುವವರು ಯಾರು? ಹತರಾದ 30 ಲಕ್ಷ ಯೆಹೂದ್ಯರ ಪರವಾಗಿ ಕ್ಷಮಿಸಲು ಧರ್ಮಾಧ್ಯಕ್ಷರಿಗೆ ಅಧಿಕಾರವಿರಲಿಲ್ಲ, ಯಾರಿಗೂ ಇಲ್ಲ. ಬದುಕಿ ಉಳಿದವನು ತನ್ನ ಪಾಲಿನ ನೋವನ್ನು ಮಾತ್ರ ಕ್ಷಮಿಸಬಲ್ಲನು. ರಾಷ್ಟ್ರದ ಕ್ಷಮೆಯು ಈ ಮಿತಿಯನ್ನು ಮೀರಿದರೆ ಅದು ಅಹಂಕಾರವಾಗುತ್ತದೆ.

ಕ್ಷಮೆ ಬೇಡುವುದಕ್ಕೆ ಇಂತಹ ಮಿತಿಯಿಲ್ಲ. 1970ನೆಯ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸೆಲರ್ ವಿಲ್ಲಿ ಬ್ರಾಂಟರು ವಾರ್ಸಾ ನಗರದಲ್ಲಿ, ಯೆಹೂದ್ಯರ ಸ್ಮಾರಕದ ಮುಂದೆ ಮೊಣಕಾಲೂರಿದರು. ಅವರು ಹಿಟ್ಲರನನ್ನು ವಿರೋಧಿಸಿ ದೇಶಾಂತರ ಹೋಗಿದ್ದವರು. ಸ್ವಂತ ಪಾಪವಾವುದೂ ಅವರಿಗಿರಲಿಲ್ಲ. ಆದರೂ ತನ್ನವರ ಪಾಪವನ್ನು ತನ್ನದೆಂದು ಹೊತ್ತರು. ಅದೇ ದಿನ ಓಡರ್–ನೈಸ್ಸೆ ಎಲ್ಲೆಯನ್ನು ಮುರಿಯಲಾಗದೆಂದು ಅಂಗೀಕರಿಸುವ ಒಪ್ಪಂದಕ್ಕೆ ರುಜುವಾಯಿತು. 1990ರ ನವೆಂಬರ್ 14ರ ಒಪ್ಪಂದವು ಅದನ್ನು ಸ್ಥಿರಪಡಿಸಿತು. ಇದೆಲ್ಲವೂ ಪತ್ರದ ಫಲವೇ ಎನ್ನಲಾರೆ. ರಾಜನೀತಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಐದು ವರ್ಷಗಳ ಹಿಂದೆಯೇ ಆ ಮಾತನ್ನು ಆಡಿದವರಿದ್ದರು.

ರಾಷ್ಟ್ರವು ತನ್ನ ಪ್ರಜೆಗಳ ಕೆನ್ನೆಯನ್ನು ಒಡ್ಡಬೇಕಾಗಿಲ್ಲ. ಎತ್ತಿದ ತನ್ನ ಕೈಯನ್ನು ಇಳಿಸಬಹುದು. ಆ ಕೈಯಿಂದಲೂ ತಪ್ಪು ನಡೆದಿರಬಹುದೆಂದು ಮೊದಲು ತಾನೇ ಹೇಳಬಹುದು. ಕ್ರಿಸ್ತನ ಉಪದೇಶದಲ್ಲಿ ರಾಷ್ಟ್ರಗಳಿಗೆ ಸಲ್ಲುವ ಭಾಗವು ಇಷ್ಟಾದರೂ ಉಂಟು. ಅದನ್ನು ಆಚರಿಸಿದವರು ವಿರಳ. ಆಚರಿಸಲಾಗದೆಂದು ಹೇಳುವಂತೆ ಮಾತ್ರ ಇಲ್ಲ.