ಕಾಯುವ ಮನೆಯ ಮಕ್ಕಳು

ಆನ್‌ಲೈನ್ ಆಟದಲ್ಲಿ ಹೊಸದೇನೂ ಬರುತ್ತಿಲ್ಲವೆಂದು ನಿಮ್ಮ ಮಗ ಸಿಡುಕಿದರೆ ನಗಬೇಡಿ. ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2020ರ ಸೆಪ್ಟೆಂಬರ್‌ನಲ್ಲಿ ‘ಫೌ-ಜಿ’ ಆಟವನ್ನು ಘೋಷಿಸಿತು. ಅದು ಕೈಗೆ ಬಂದದ್ದು 2021ರ ಜನವರಿ 26ರಂದು. ಆಗ ಒಬ್ಬರೇ ಆಡುವ ಕಥೆಯಷ್ಟೇ ಇತ್ತು. ಗೆಳೆಯರೊಡನೆ ತಂಡ ಕಟ್ಟಿ ಆಡಲು ಜೂನ್‌ವರೆಗೆ ಕಾಯಬೇಕಾಯಿತು. ಹಲವರು ಬೇಸತ್ತರು, ಕೆಲವರು ಬೈದರು.

ಬೇಸರ ತಪ್ಪಲ್ಲ. ಆಸೆ ಹುಟ್ಟಿಸಿದವರು ತಡವಾದಾಗ ಕಾರಣ ಹೇಳಬೇಕು, ಅದು ನ್ಯಾಯ. ಆದರೆ ಬೈಗುಳ ಯಾರನ್ನು ಮುಟ್ಟುತ್ತದೆ? ದಿನಾಂಕ ಸಾರಿದವರನ್ನಲ್ಲ, ರಾತ್ರಿಯೆಲ್ಲ ಕೂತು ದುಡಿಯುವವರನ್ನು. ಅವರು ತಿಂಗಳುಗಟ್ಟಲೆ ಕಟ್ಟಿದ್ದನ್ನು ನಾವು ಎರಡು ಸಂಜೆಯಲ್ಲಿ ಆಡಿ ಮುಗಿಸುತ್ತೇವೆ. ಅಂಥವರೊಬ್ಬರು ಹಲಸೂರಿನಲ್ಲೋ ಕೆ.ಆರ್. ಪುರದಲ್ಲೋ ನಿಮ್ಮ ಪಕ್ಕದ ಮನೆಯಲ್ಲೇ ಇರಬಹುದು. ಮಗ ದೂರು ಬರೆಯಲಿ. ಕಳುಹಿಸುವ ಮುನ್ನ ಒಮ್ಮೆ ನಿಮಗೆ ಓದಿ ಹೇಳಲಿ.